ತಗಡಿನ ಬೆಳಕಿನ ಪ್ರೊಫೆಸರು

ನಮ್ಮ ಪ್ರೊಫೆಸರರ ಮನಸ್ಸು ಆ ದಿನ ಹೇಗಿದೆ ಎಂಬುದು ಬೆಳಿಗ್ಗೆ ಹತ್ತೂವರೆಗೆ ಒಂದು ಗಾಜಿನ ನಳಿಕೆಯಲ್ಲಿ ಗೊತ್ತಾಗುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಬೇರೆಯವರು ಮನೆಯ ಬಚ್ಚಲಲ್ಲಿ ಮಾಡಿ ಮುಗಿಸುವ ಪರೀಕ್ಷೆಯನ್ನು ಅವರು ವಿಭಾಗದ ಲ್ಯಾಬಿಗೆ ತರುತ್ತಿದ್ದರು. ನಾವು ಗಿಡದ ತುದಿ ಕತ್ತರಿಸುವ ಮೇಜಿನ ಪಕ್ಕದಲ್ಲೇ ನಿಂತು, ನೀಲಿ ದ್ರಾವಣಕ್ಕೆ ತಮ್ಮ ಮೂತ್ರವನ್ನು ಎಂಟು ಹನಿ ಬಿಟ್ಟು, ಬರ್ನರ್ ಮೇಲೆ ಹಿಡಿದು ಅಲ್ಲಾಡಿಸುತ್ತಿದ್ದರು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಕಿತ್ತಳೆಯಾದರೆ ಬಹಳ. ಅಟೆಂಡರ್ ರಾಮಧನಿ ಚಾಚಾ ಆ ನಳಿಕೆಯನ್ನು ತೊಳೆಯುವ ಮೊದಲು ಪಡಸಾಲೆಗೆ ಬಂದು ನಮಗೆ ವರದಿ ಒಪ್ಪಿಸುತ್ತಿದ್ದರು. "ಆಜ್ ನಾರಂಗಿ ಬಾ, ಬಿಟಿಯಾ" ಎಂದರೆ ಇವತ್ತು ಕಿತ್ತಳೆ, ಸಹಿ ಗಿಹಿ ಎಂದು ಒಳಗೆ ಹೋಗಬೇಡ ಮಗಳೇ ಎಂದು ಅರ್ಥ.

ಹೆಚ್ಚಿನ ದಿನಗಳಲ್ಲಿ ಹಸಿರೇ ಬರುತ್ತಿತ್ತು. ಬೆಳಗಾಗುತ್ತಲೇ ಸ್ಕೂಟರ್ ಹತ್ತಿ ಕಾಶಿಯ ಗೋದೌಲಿಯಾ ಪೇಟೆಗೆ ಹೋಗಿ ಬಿಸಿ ಕಚೌಡಿಯ ಮೇಲೆ ಜಲೇಬಿ ತಿಂದು ಬರುವ ಮನುಷ್ಯನಿಗೆ ಹಸಿರು ಹೇಗೆ ಬರುತ್ತದೆ ಎಂದು ನನಗೆ ಬಹಳ ದಿನ ಆಶ್ಚರ್ಯವಾಗಿತ್ತು. ಅದನ್ನೂ ರಾಮಧನಿ ಚಾಚಾ ಬಿಡಿಸಿ ಹೇಳಿದರು. ಪರೀಕ್ಷೆಗೆ ಗಂಟೆ ಮುಂಚೆ ಸಾಹೇಬರು ಮೂರು ತಂಬಿಗೆ ನೀರು ಕುಡಿಯುತ್ತಾರೆ, ಕುಡಿದದ್ದೆಲ್ಲ ತೆಳ್ಳಗೆ ಇಳಿದು ಬರುತ್ತದೆ. ಲೆಕ್ಕ ಕೇಳುವವರು ಯಾರೂ ಇಲ್ಲ, ಆದರೂ ತನ್ನ ಮೂತ್ರದ ಕೈಯಲ್ಲೇ ಸುಳ್ಳು ಹೇಳಿಸುತ್ತಿದ್ದ ಮನುಷ್ಯ ಅವರು. ಇಷ್ಟು ತಿಳಿದ ಮೇಲೂ ನಾನು ಅವರ ಕೈಕೆಳಗೆ ಮೂರು ವರ್ಷ ಕೆಲಸ ಮಾಡಿದೆನಲ್ಲ, ಅದಕ್ಕೆ ನನ್ನನ್ನು ನಾನೇ ಬೈದುಕೊಳ್ಳಬೇಕು.

ಅವರು ಮೈಸೂರಿನಲ್ಲಿ ತೀರಿಕೊಂಡರೆಂದು ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಾಗ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಹಾಲೂ ಉಕ್ಕಲಿಲ್ಲ, ನಾನೂ ಉಕ್ಕಲಿಲ್ಲ. "ಪಾಪ, ಏನೇ ಇರಲಿ ದೊಡ್ಡ ಮನುಷ್ಯರು" ಎಂದಳು ಆಕೆ. ದೊಡ್ಡ ಹೊಟ್ಟೆಯ ಮನುಷ್ಯರು ಎಂದರೆ ಒಪ್ಪುತ್ತೇನೆ ಎಂದೆ. ಆಕೆಗೆ ನನ್ನ ನಾಲಿಗೆ ಗೊತ್ತು, ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆಂದು ವಾರಾಣಸಿಗೆ ಹೋದದ್ದು ತೊಂಬತ್ತನೆಯ ಇಸವಿಯಲ್ಲಿ. ಅಷ್ಟು ದೂರದ ಊರಿನಲ್ಲಿ ಕನ್ನಡದ ಗೈಡ್ ಸಿಕ್ಕಿದ್ದು ನನ್ನ ಪುಣ್ಯ ಎಂದು ಮನೆಯವರೆಲ್ಲ ಹಿಗ್ಗಿದರು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಅವರೇ ಬಂದಿದ್ದರು. ಟ್ರಂಕನ್ನು ರಿಕ್ಷಾಕ್ಕೆ ಏರಿಸಿ, ಹಾಸ್ಟೆಲಿನ ವಾರ್ಡನ್ ಜೊತೆ ಜಗಳ ತೆಗೆದು ನನಗೆ ಕಿಟಕಿ ಇರುವ ಕೋಣೆ ಕೊಡಿಸಿ, ಮನೆಗೆ ಕರೆದು ಉಪ್ಪಿಟ್ಟು ಹಾಕಿಸಿದರು. ಇದನ್ನು ಬರೆಯದೆ ಬಿಟ್ಟರೆ ನಾನೂ ಅವರಂತೆ ಬೇಕಾದ್ದನ್ನು ಮಾತ್ರ ಬರೆದಂತಾಗುತ್ತದೆ. ಇನ್ನೊಂದನ್ನೂ ಹೇಳಬೇಕು. ಅವರ ಕೈ ಬಹಳ ಚೆನ್ನಾಗಿತ್ತು. ಗಿಡದ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾಗಿ ಇರುವ ಕುಡಿಯನ್ನು ಬ್ಲೇಡಿನಲ್ಲಿ ಎತ್ತಿ ಬಾಟಲಿಗೆ ಇಳಿಸುವಾಗ ಆ ದಪ್ಪ ಬೆರಳುಗಳು ಒಂದಿಷ್ಟೂ ನಡುಗುತ್ತಿರಲಿಲ್ಲ. ನನಗೆ ಆ ಕೆಲಸ ಬಂದದ್ದು ಅವರ ಕೈ ನೋಡಿ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನಮ್ಮ ಕೆಲಸ ಪರ್ವಲ್ ಎಂಬ ತರಕಾರಿಯ ಮೇಲೆ. ನಮ್ಮ ಕಡೆ ಅದು ಸಿಗುವುದಿಲ್ಲ. ನೋಡಲು ತೊಂಡೆಕಾಯಿಯ ಅಣ್ಣನಂತಿರುತ್ತದೆ. ಕಾಶಿಯಲ್ಲಿ ಬೇಸಿಗೆಯೆಲ್ಲ ಅದೇ ಪಲ್ಯ, ಹಬ್ಬಕ್ಕೆ ಅದರೊಳಗೆ ಖೋವಾ ತುಂಬಿ ಮಿಠಾಯಿಯನ್ನೂ ಮಾಡುತ್ತಾರೆ. ಬೀಜ ಹಾಕಿದರೆ ಅರ್ಧಕ್ಕರ್ಧ ಗಂಡು ಬಳ್ಳಿಗಳೇ ಹುಟ್ಟಿ ಕಾಯಿ ಬಿಡುವುದಿಲ್ಲ. ಅದಕ್ಕೆ ಗಂಗೆಯ ಆಚೆ ದಡದ ಮರಳಿನಲ್ಲಿ ಅದನ್ನು ಬೆಳೆಯುವವರು ಹೆಣ್ಣು ಬಳ್ಳಿಯ ತುಂಡುಗಳನ್ನೇ ನೆಡಬೇಕು, ಆ ತುಂಡುಗಳ ಜೊತೆ ರೋಗವೂ ಬರುತ್ತದೆ. ರೋಗವಿಲ್ಲದ ಹೆಣ್ಣು ಸಸಿಗಳನ್ನು ಬಾಟಲಿಯೊಳಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸಾವಿರಗಟ್ಟಲೆ ಬೆಳೆಸಿ ಅವರಿಗೆ ಕೊಡುವುದು ನಮ್ಮ ಯೋಜನೆ. ಯಾವ ಬೆಳಕು, ಎಷ್ಟು ಬೆಳಕು ಎಂದು ಗೊತ್ತುಮಾಡುವುದು ನನ್ನ ಥೀಸಿಸ್. "ಸೂರ್ಯನ ಕೆಲಸ ನಾನು ವಹಿಸ್ಕೊಂಡಿದೀನಿ ಕಣಮ್ಮ" ಎನ್ನುತ್ತಿದ್ದರು ಪ್ರೊಫೆಸರು. ಆ ಮಾತನ್ನು ಬಂದ ಅತಿಥಿಗಳಿಗೆಲ್ಲ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಿದ್ದರು. ಒಬ್ಬರೂ ನಗದಿದ್ದಾಗ ತಾವೇ ನಗುತ್ತಿದ್ದರು.

ಸಸಿ ಬೆಳೆಸುವ ಆ ಕೋಣೆಯಲ್ಲಿ ಎದುರುಬದುರು ಎರಡು ಕಬ್ಬಿಣದ ಚೌಕಟ್ಟುಗಳಿದ್ದವು. ಒಂದೊಂದರಲ್ಲೂ ಐದು ಹಲಗೆ, ಪ್ರತಿ ಹಲಗೆಯ ಮೇಲೆ ಸಾಲಾಗಿ ಜಾಮಿನ ಬಾಟಲಿಗಳು, ಅವುಗಳ ನೆತ್ತಿಯ ಮೇಲೆ ನಾಲ್ಕು ನಾಲ್ಕು ಟ್ಯೂಬ್. ಎಡಗಡೆಯ ಚೌಕಟ್ಟಿನ ಟ್ಯೂಬುಗಳಿಗೆ ಮಾತ್ರ ಪ್ರೊಫೆಸರು ತಾವೇ ಚಿತ್ರ ಬರೆದು ಮಾಡಿಸಿದ ತಗಡಿನ ಮಾಡು ಇತ್ತು. ತಗಡಿನವನ ಅಂಗಡಿಯಲ್ಲಿ ದಿನವಿಡೀ ಕೂತು, ಇಷ್ಟು ಬಾಗಿಸು, ಅಷ್ಟು ಉಜ್ಜು ಎಂದು ಅವನ ತಲೆ ತಿಂದು ಮಾಡಿಸಿದ್ದು. ಚೆಲ್ಲಿಹೋಗುವ ಬೆಳಕನ್ನೆಲ್ಲ ಆ ತಗಡು ಹಿಡಿದು ಸಸಿಗಳ ಮೇಲೆ ಬೀಳಿಸುತ್ತದೆ, ಅದರಿಂದ ಬೇರು ಬೇಗ ಬರುತ್ತದೆ ಎಂಬುದು ಅವರ ಸಿದ್ಧಾಂತ. ಹಾಗೆ ಆಗುತ್ತದೆಂದು ತೋರಿಸುವುದು ನನ್ನ ಕೆಲಸ. ಆಗುತ್ತದೋ ಇಲ್ಲವೋ ನೋಡು ಎಂದು ಅವರು ಒಂದು ದಿನವೂ ಹೇಳಿದ್ದಿಲ್ಲ.

ಸೇರಿದ ಆರನೆಯ ತಿಂಗಳಿಗೆ ನನಗೆ ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಆಗುತ್ತಿರಲಿಲ್ಲ. ಸಂಜೆಗೆ ಜ್ವರ. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಹರಡಿತು. ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ಒಬ್ಬ ಡಾಕ್ಟರಿದ್ದರು. ರಕ್ತ ತೆಗೆಸಿ, ತಿಂಗಳು ಓಡಾಡಿಸಿ, ಕೊನೆಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದರು: "ಇದಕ್ಕ ಲೂಪಸ್ ಅಂತಾರ ತಂಗಿ. ಮೈ ಕಾಯೋ ಕಾವಲಿನವ್ರೇ ತಿರುಗಿ ಮೈಮ್ಯಾಲೆ ಬಿದ್ದಂಗ. ಪೂರಾ ಹೋಗಂಗಿಲ್ಲ. ಆದ್ರ ಇದರ ಜೋಡಿ ಬಾಳ್ವೆ ಮಾಡಬಹುದು." ಬಿಸಿಲಿಗೆ ಹೋಗಬೇಡ ಎಂದರು. ಕೆಲವರಿಗೆ ಟ್ಯೂಬ್‌ಲೈಟಿನ ಬೆಳಕೂ ಆಗುವುದಿಲ್ಲ ಎಂದರು. ನಾನು ಮಾಡುವ ಕೆಲಸ ಏನೆಂದು ಅವರು ಕೇಳಿದಾಗ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಪ್ರೊಫೆಸರಿಗೆ ಹೇಳಬೇಕಿತ್ತು, ನಿಜ. ಆದರೆ ನನಗಿಂತ ಮೊದಲು ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಗಾಜೀಪುರದ ಹುಡುಗನಿಗೆ ಕಾಮಾಲೆ ಆಗಿತ್ತು. ಅವನು ಊರಿಗೆ ಹೋಗಿ ಎರಡು ತಿಂಗಳು ಮಲಗಿ ಎದ್ದು ಬರುವಷ್ಟರಲ್ಲಿ ಅವನ ಬಾಟಲಿ, ಅವನ ರಿಜಿಸ್ಟರ್, ಅವನ ವಿಷಯ ಎಲ್ಲವೂ ನನ್ನ ಹೆಸರಿಗೆ ಆಗಿದ್ದವು. ನನಗೆ ಆ ಜಾಗ ಸಿಕ್ಕಿದ್ದೇ ಹಾಗೆ. "ಕಾಯಿಲೆ ಅನ್ನೋದು ಸೋಮಾರಿಗಳ ರಜಾ ಅರ್ಜಿ ಕಣಮ್ಮ" ಎಂದು ಪ್ರೊಫೆಸರು ನನಗೆ ಮೊದಲ ದಿನವೇ ಪಾಠ ಹೇಳಿದ್ದರು. "ನನ್ನ ನೋಡು. ಹನ್ನೆರಡು ವರ್ಷದಿಂದ ಸಕ್ಕರೆ. ಒಂದಿನ ರಜಾ ಹಾಕಿದೀನಾ?" ಹಾಕಿರಲಿಲ್ಲ, ಖರೆ. ಆದರೆ ಅವರ ಸಕ್ಕರೆಯ ಸೇವೆಗೆ ಇಡೀ ವಿಭಾಗ ಸಂಬಳವಿಲ್ಲದೆ ದುಡಿಯುತ್ತಿತ್ತು. ಹನ್ನೊಂದಕ್ಕೆ ಅವರ ಬಿಸ್ಕತ್ತು, ಒಂದಕ್ಕೆ ಅವರ ಚಪಾತಿ, ನಾಲ್ಕಕ್ಕೆ ಬೇರೆ ಪಾತ್ರೆಯಲ್ಲಿ ಅವರ ಸಪ್ಪೆ ಚಹಾ. ಸಭೆಯ ನಡುವೆ ಎದ್ದು "ನನ್ನ ಮಾತ್ರೆ ಹೊತ್ತು" ಎಂದು ಅವರು ಘೋಷಿಸಿದರೆ ಎಲ್ಲರೂ ಮಾತು ನಿಲ್ಲಿಸಿ ಅವರು ನುಂಗುವುದನ್ನು ನೋಡಬೇಕು. ಕಾಯಿಲೆ ಅವರಿಗೆ ಒಂದು ಪದವಿಯಾಗಿತ್ತು. ಬೇರೆಯವರಿಗೆ ಅದೇ ಅಪರಾಧವಾಗುತ್ತಿತ್ತು.

ಹಾಗಾಗಿ ನಾನು ಮುಚ್ಚಿಟ್ಟೆ. ಕೆನ್ನೆಯ ಕೆಂಪಿಗೆ ಪೌಡರ್ ಬಳಿದೆ. ಗಂಟು ನೋವಿಗೆ ಹಾಸ್ಟೆಲಿನ ಮೆಟ್ಟಿಲಲ್ಲಿ ಜಾರಿದೆ ಎಂದೆ. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಉಬ್ಬಿ ಹುಣ್ಣಿಮೆ ಚಂದ್ರನಾಯಿತು. ಬಂಗಾಲಿ ಟೋಲಾದ ಹತ್ತಿರ ನಮ್ಮ ಕಡೆಯ ಮಠವೊಂದಿದೆ, ಭಾನುವಾರ ಅಲ್ಲಿಗೆ ಪ್ರಸಾದಕ್ಕೆ ಹೋದರೆ ಮಠದ ಅಜ್ಜಾರು "ಏನವ್ವಾ, ಕಾಶಿ ನೀರು ಹಿಡಿಸ್ಯಾವ ನೋಡು ನಿನಗ" ಎಂದು ಸಂತೋಷಪಟ್ಟರು. ಅದನ್ನೇ ಯಾರೋ ಊರಿಗೂ ಮುಟ್ಟಿಸಿದರು. ಮಗಳು ಮೈಕೈ ತುಂಬಿಕೊಂಡಿದ್ದಾಳೆಂದು ಅವ್ವ ಹುಬ್ಬಳ್ಳಿಯ ಕಡೆ ಒಂದು ವರ ನೋಡಿದಳು. ಒಳಗೆ ನಾನು ಬೇಯುತ್ತಿದ್ದೆ. ಥೀಸಿಸ್ ಒಂದು ಕೈಗೆ ಬಂದರೆ ಎಲ್ಲಿಯಾದರೂ ಒಂದು ನೌಕರಿ ಹಿಡಿದು, ನನ್ನ ಮಾತ್ರೆಗೆ ನಾನೇ ದುಡಿದುಕೊಂಡು ಇರಬಹುದು, ಆಮೇಲೆ ಯಾರಿಗೆ ಬೇಕಾದರೂ ಹೇಳೋಣ ಎಂದುಕೊಂಡಿದ್ದೆ. ನನ್ನ ಬದುಕೆಲ್ಲ ಆ ಥೀಸಿಸ್ಸಿಗೆ ಜೋತುಬಿದ್ದಿತ್ತು.

ಕೋಣೆಯಲ್ಲಿದ್ದ ಒಂದೇ ಮೇಜು ಎಡಗಡೆಯ ಚೌಕಟ್ಟಿಗೆ ಅಂಟಿಕೊಂಡಿತ್ತು. ಎರಡೂ ಕಡೆಯ ಬಾಟಲಿಗಳನ್ನು ತಂದು ಬೇರು ಎಣಿಸುವುದು, ಎಲೆ ಅಳೆಯುವುದು ಎಲ್ಲ ಅಲ್ಲೇ. ಪ್ರೊಫೆಸರರ ಹೊಳೆಯುವ ತಗಡು ಟ್ಯೂಬಿನ ಬೆಳಕನ್ನೆಲ್ಲ ಸರಿಯಾಗಿ ನನ್ನ ಮುಖದ ಮೇಲೆ ಸುರಿಯುತ್ತಿತ್ತು. ಎರಡು ತಾಸು ಕೂತರೆ ಕೆನ್ನೆ ಉರಿದು ರಾತ್ರಿಗೆ ಜ್ವರ. ತಡೆಯಲಾರದೆ ಒಂದು ದಿನ ಎಡಗಡೆಯ ಪ್ರತಿ ಹಲಗೆಯಲ್ಲಿ ನನ್ನ ಕಡೆಗಿದ್ದ ಎರಡೆರಡು ಟ್ಯೂಬ್ ಆರಿಸಿ ಕೂತೆ. ಹಾಯೆನಿಸಿತು. ಮರುದಿನವೂ ಆರಿಸಿದೆ. ಬೆಳಿಗ್ಗೆ ಹತ್ತಕ್ಕೆ ಆರಿಸುವುದು, ಸಂಜೆ ಐದಕ್ಕೆ ಹೋಗುವಾಗ ಹಾಕುವುದು ಎಂದು ರೂಢಿಯೇ ಆಯಿತು. ಗೋಡೆಗೆ ತೂಗುಹಾಕಿದ ರಿಜಿಸ್ಟರಿನಲ್ಲಿ ಮಾತ್ರ ದಿನಾ "ನಾಲ್ಕೂ ಟ್ಯೂಬ್, ಹದಿನಾರು ಗಂಟೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಪ್ರೊಫೆಸರರನ್ನು ಸುಳ್ಳುಗಾರ ಎಂದು ಬರೆಯುತ್ತಿರುವ ಈ ಕೈಯೇ ಅದನ್ನೂ ಬರೆದದ್ದು.

ಅವರಿಗೆ ಇದು ತಿಳಿಯುವ ಸಂಭವವೇ ಇರಲಿಲ್ಲ. ಸೂರ್ಯನ ಕೆಲಸ ವಹಿಸಿಕೊಂಡವರು ಆ ಕೋಣೆಗೆ ಬರುತ್ತಿದ್ದದ್ದು ಅತಿಥಿಗಳಿಗೆ ತೋರಿಸಲು ಮಾತ್ರ. ಟ್ಯೂಬಿನ ಚೋಕುಗಳ ಸೆಖೆಗೆ ಅವರಿಗೆ ಬೆವರು ಕಿತ್ತುಬರುತ್ತಿತ್ತು. ಬಾಗಿಲಲ್ಲೇ ನಿಂತು, ಟೈಯ ತುದಿಯಿಂದ ಕನ್ನಡಕ ಒರೆಸಿಕೊಂಡು, "ಇದು ನನ್ನ ಡಿಸೈನು" ಎಂದು ತಗಡನ್ನು ತೋರಿಸಿ ಹೊರಟುಬಿಡುತ್ತಿದ್ದರು. ಅವರ ಹೆಜ್ಜೆ ಪಡಸಾಲೆಯಲ್ಲಿ ಕೇಳಿದ ಕೂಡಲೇ ನಾನು ಸ್ವಿಚ್ ಹಾಕುತ್ತಿದ್ದೆ. ಆ ಚಪ್ಪಲಿಯ ಸದ್ದು ಎಲ್ಲರಿಗೂ ಗುರುತಿತ್ತು.

ನೋಡನೋಡುತ್ತ ಎಡಗಡೆಯ ಸಸಿಗಳು ಹಸಿರಾಗಿ, ಗಟ್ಟಿಯಾಗಿ, ಬಿಳಿ ಬೇರು ಬಿಟ್ಟುಕೊಂಡು ಎದ್ದವು. ಬಲಗಡೆಯವು ಬಾಟಲಿಯೊಳಗೇ ಬೆವೆತು ಹಳದಿಯಾದವು. ನನಗೆ ಆಗಲೇ ಅನುಮಾನ ಬಂದಿತ್ತು: ಕಾಶಿಯ ಸೆಖೆಯಲ್ಲಿ ನಾಲ್ಕು ಟ್ಯೂಬಿನ ಕಾವು ಆ ಎಳೆಯ ಬಳ್ಳಿಗೂ ಆಗುತ್ತಿಲ್ಲ, ನನಗೂ ಆಗುತ್ತಿಲ್ಲ. ಆದರೆ ಪ್ರೊಫೆಸರು ತಗಡಿಗೆ ಜೈಕಾರ ಹಾಕಿಯಾಗಿತ್ತು. ಯೋಜನೆಗೆ ದುಡ್ಡು ಕೊಡುವ ದಿಲ್ಲಿಯ ಇಲಾಖೆಗೆ ಪತ್ರ ಹೋಯಿತು. ವಿಭಾಗದಲ್ಲಿ ಲಡ್ಡು ಹಂಚಿದರು, ತಾವೂ ಎರಡು ತಿಂದರು. ನಾನು ಬಾಯಿ ಮುಚ್ಚಿಕೊಂಡು ಇದ್ದೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಜ್ವರ ಏರಿ ನಾನು ಹದಿನೈದು ದಿನ ಆಸ್ಪತ್ರೆ ಸೇರಿದೆ. ಟೈಫಾಯಿಡ್ ಎಂದು ಚೀಟಿ ಕಳಿಸಿದೆ. ನನ್ನ ಬದಲಿಗೆ ಕೂತ ಇನ್ನೊಬ್ಬ ವಿದ್ಯಾರ್ಥಿನಿ ರಿಜಿಸ್ಟರಿನಲ್ಲಿ ಇದ್ದಂತೆಯೇ ನಡೆದುಕೊಂಡಳು. ನಾಲ್ಕೂ ಟ್ಯೂಬ್, ಹದಿನಾರು ಗಂಟೆ. ನಾನು ವಾಪಸು ಬಂದಾಗ ಎಡಗಡೆಯ ಸಸಿಗಳು ಬಲಗಡೆಯವಕ್ಕಿಂತಲೂ ಕೆಟ್ಟದಾಗಿ ಸುಟ್ಟಿದ್ದವು. ದಿಲ್ಲಿಯಿಂದ ಪರಿಶೀಲನಾ ಸಮಿತಿ ಬರುವುದಕ್ಕೆ ಮೂರು ತಿಂಗಳು ಮಾತ್ರ ಇತ್ತು. ಅಂದು ನಳಿಕೆಯಲ್ಲಿ ಯಾವ ಬಣ್ಣ ಬಂತೋ ನಾನು ನೋಡಲಿಲ್ಲ. ಪ್ರೊಫೆಸರು ಪಡಸಾಲೆಯಲ್ಲಿ ರಾಮಧನಿ ಚಾಚಾರನ್ನು ನಿಲ್ಲಿಸಿಕೊಂಡು, ಬಾಟಲಿ ಸರಿಯಾಗಿ ತೊಳೆದಿಲ್ಲ, ಎಲ್ಲ ಹಾಳು ಮಾಡಿದ್ದು ನೀನೇ, ಕೆಲಸದಿಂದ ತೆಗೆಸುತ್ತೇನೆ ಎಂದು ಕೂಗಾಡುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮುದುಕರು. "ಹಮ್ ತ ಧೋವಲೇ ಬಾನಿ, ಸಾಹೇಬ್" ಎಂದು ಒಂದೇ ಮಾತು ಹೇಳುತ್ತಿದ್ದರು, ನಾನು ತೊಳೆದಿದ್ದೇನೆ ಸಾಹೇಬರೇ ಎಂದು. ಅವರ ಕೈ ನೋಡಿದೆ. ಮೂವತ್ತು ವರ್ಷ ಸೋಪಿನ ನೀರಿನಲ್ಲಿ ಅದ್ದಿ ಆ ಬೆರಳ ತುದಿಗಳೆಲ್ಲ ಬಿರಿದಿದ್ದವು.

ಇನ್ನು ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಪ್ರೊಫೆಸರು ಕೂಗಾಡಿ ಒಳಗೆ ಹೋದಾಗ ಹಿಂದೆಯೇ ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

"ಸರ, ಚಾಚಾಂದು ಏನೂ ತಪ್ಪಿಲ್ರಿ. ತಗಡಿನಿಂದ ಏನೂ ಆಗಿಲ್ರಿ. ನಾ ಕುಂತಾಗೆಲ್ಲ ಎಡಗಡೆ ಟ್ಯೂಬ್ ಆರಸ್ತಿದ್ದೆ. ಅದಕ್ಕ ಆ ಸಸಿ ಚಲೋ ಇದ್ವು. ರಿಜಿಸ್ಟರ್‌ದಾಗ ಸುಳ್ಳ ಬರದೀನ್ರಿ."

ಅವರು ಕನ್ನಡಕ ತೆಗೆದರು.

"ಯಾಕಮ್ಮ ಆರಿಸ್ತಿದ್ದೆ?"

"ನನಗ ಆ ಬೆಳಕು ತಡಿಯಂಗಿಲ್ರಿ. ಮಾರಿ ಉರಿತೈತ್ರಿ, ರಾತ್ರಿ ಜ್ವರ ಬರ್ತಾವ್ರಿ. ನನಗೊಂದು ಕಾಯಿಲಿ ಐತ್ರಿ ಸರ. ಎರಡೂವರಿ ವರ್ಷ ಆತು. ಡಾಕ್ಟರು..."

"ತಾಳು, ತಾಳು. ಎಷ್ಟು ಟ್ಯೂಬು ಆರಿಸ್ತಿದ್ದೆ?"

"ನಾಕರಾಗ ಎರಡು ರೀ."

"ಒಳಗಿನವಾ ಹೊರಗಿನವಾ?"

"ಹೊರಗಿನವು. ನನ್ನ ಮಾರಿ ಮ್ಯಾಲೆ ಬೀಳೂವು."

"ಎಲ್ಲಾ ಹಲಗೇಲೂ? ಐದೆರಡ್ಲಿ ಹತ್ತು. ದಿನಕ್ಕೆ ಎಷ್ಟು ಗಂಟೆ?"

ಒಂದು ಲಕೋಟೆಯ ಹಿಂಭಾಗದಲ್ಲಿ ಅವರು ಬರೆದುಕೊಳ್ಳುತ್ತ ಹೋದರು. ನಾನು ನಿಂತೇ ಇದ್ದೆ. ಎರಡೂವರೆ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕನ್ನಡದಲ್ಲಿ, ತಂದೆಯ ವಯಸ್ಸಿನ ಒಬ್ಬರ ಎದುರು ಹೇಳಿದ್ದೆ. ಕೂತುಕೋ ಎನ್ನುತ್ತಾರೆ, ಏನಾಗಿದೆ ಎನ್ನುತ್ತಾರೆ ಎಂದು ಕಾದೆ. ಲಕೋಟೆ ತುಂಬಿದ ಮೇಲೆ ಅವರು ತಲೆಯೆತ್ತಿ, "ಭೇಷ್! ಇನ್ನೊಂದು ಸಲ ಸರಿಯಾಗಿ ಮಾಡಿ ತೋರಿಸು, ರಿಜಿಸ್ಟರ್ ನಿಜವಾದ್ದು ಬರಿ. ಚೆನ್ನಾಗಿ ಬಂದ್ರೆ ಅದೇ ನಿನ್ನ ಥೀಸಿಸ್ಸು" ಎಂದರು. ಹೊರಗೆ ಬಂದಾಗ ನನಗೆ ಅಳುವಷ್ಟು ಸಂತೋಷವಾಗಿತ್ತು. ಥೀಸಿಸ್ ಉಳಿಯಿತು ಎಂಬ ಸಂತೋಷದಲ್ಲಿ ಅವರು ನನ್ನನ್ನು ಏನೂ ಕೇಳಲಿಲ್ಲ ಎಂಬುದು ಹಾಸ್ಟೆಲ್ ಮುಟ್ಟುವವರೆಗೆ ಹೊಳೆಯಲೂ ಇಲ್ಲ.

ಹತ್ತು ವಾರ ನಾನು ಮತ್ತೆ ಮಾಡಿದೆ. ತಗಡು ಬಿಚ್ಚಿ, ಒಂದು ಕಡೆ ನಾಲ್ಕು ಟ್ಯೂಬ್, ಇನ್ನೊಂದು ಕಡೆ ಎರಡು. ರಾಮಧನಿ ಚಾಚಾ ಹಳೆಯ ಕೊಡೆಯೊಂದರ ಬಟ್ಟೆ ಬಿಚ್ಚಿ ನನ್ನ ಕುರ್ಚಿಗೆ ಮರೆ ಕಟ್ಟಿಕೊಟ್ಟರು. ಯಾಕೆ ಎಂದು ಅವರೂ ಕೇಳಲಿಲ್ಲ, ಆದರೆ ಅವರಿಗೆ ಕಣ್ಣಿತ್ತು. ಅರ್ಧ ಬೆಳಕಿನ ಸಸಿಗಳು ಒಂದರ ಹಿಂದೊಂದು ಬೇರು ಬಿಟ್ಟವು. ಅಂದರೆ ಅರ್ಧ ಟ್ಯೂಬು, ಅರ್ಧ ಕರೆಂಟು ಸಾಕು. ಗಳಿಗೆಗೊಮ್ಮೆ ಕರೆಂಟು ಹೋಗುವ ಆ ಊರಿಗೆ ಇದು ಸಣ್ಣ ಮಾತಲ್ಲ. ನಾನು ಅಧ್ಯಾಯ ಬರೆದು, ನೀಟಾಗಿ ಟೈಪ್ ಮಾಡಿಸಿ ಕೊಟ್ಟೆ. ತಗಡಿನ ಕಥೆ ಸುಳ್ಳಾದ ಮೇಲೆ ನನ್ನ ಹತ್ತಿರ ಉಳಿದದ್ದು ಆ ಒಂದೇ ಅಧ್ಯಾಯ. ಅದು ಹೋದರೆ ಮೂರು ವರ್ಷ ನಾನು ಸುಮ್ಮನೆ ಸುಟ್ಟುಕೊಂಡಂತೆ.

ಸಮಿತಿ ಬಂದ ದಿನ ನಾನು ಸಭಾಂಗಣದ ಹಿಂದೆ ಸ್ಲೈಡ್ ಪ್ರೊಜೆಕ್ಟರ್ ಹತ್ತಿರ ನಿಂತಿದ್ದೆ. ಕತ್ತಲೆ ಮಾಡಿದ್ದರು, ನನಗೆ ಹಿತವಾಗಿತ್ತು. ಅಧ್ಯಕ್ಷೆ ಬಿಳಿ ಕೂದಲಿನ ಮರಾಠಿ ಹೆಂಗಸು, ಮೇಡಂ ಎಂದರೆ ಎಲ್ಲರಿಗೂ ಹೆದರಿಕೆ. ಪ್ರೊಫೆಸರು ಹೊಸ ಕೋಟು ಹಾಕಿಕೊಂಡು ಮೊದಲ ಸ್ಲೈಡ್ ತೋರಿಸಿದರು. ಎರಡನೆಯದು, ಮೂರನೆಯದು. ನನ್ನ ಕೈಬರಹದ ನಕ್ಷೆಗಳೇ. ಆದರೆ ಕೆಳಗೆ ಇದ್ದದ್ದು ಅವರೊಬ್ಬರ ಹೆಸರು. ಸ್ಲೈಡ್ ಬದಲಿಸುವ ಗುಂಡಿಯ ಮೇಲೆ ನನ್ನ ಬೆರಳು ನಿಂತಿತು. "ನೆಕ್ಸ್ಟ್" ಎಂದರು. ಒತ್ತಿದೆ.

"ಟ್ಯೂಬುಗಳನ್ನು ಕಡಿಮೆ ಮಾಡುವ ಯೋಚನೆ ನಿಮಗೆ ಹೇಗೆ ಬಂತು?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ಪ್ರೊಫೆಸರು ಕನ್ನಡಕ ತೆಗೆದು ಟೈಯಿಂದ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳತೊಡಗಿದರು. ತಮಗೆ ಒಂದು ಕಾಯಿಲೆ ಇದೆ. ಸಕ್ಕರೆ ಎಂದು ಎಲ್ಲರೂ ತಿಳಿದಿದ್ದಾರೆ, ಅದು ಬೇರೆ. ಈ ಕಾಯಿಲೆಗೆ ಟ್ಯೂಬಿನ ಬೆಳಕು ತಡೆಯುವುದಿಲ್ಲ. ಮುಖ ಉರಿಯುತ್ತದೆ, ರಾತ್ರಿ ಜ್ವರ ಬರುತ್ತದೆ. ಆದರೂ ಮೂರು ವರ್ಷ ಆ ಕೋಣೆ ಬಿಟ್ಟವರಲ್ಲ. ಒಂದು ದಿನ ತಡೆಯಲಾರದೆ ಎರಡು ಟ್ಯೂಬ್ ಆರಿಸಿ ಕೂತರು, ಸಸಿಗಳು ಅವರಿಗೆ ಉತ್ತರ ಹೇಳಿದವು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನನ್ನ ಕೆಲಸ ಕದಿಯುತ್ತಾರೆ ಎಂಬ ಹೆದರಿಕೆ ಇತ್ತು. ನನ್ನ ಜ್ವರವನ್ನೂ ಕದಿಯುತ್ತಾರೆಂದು ಯಾರು ಎಣಿಸುತ್ತಾರೆ? ಯಾವುದನ್ನು ಹೆತ್ತವ್ವನಿಂದಲೂ ಮುಚ್ಚಿಟ್ಟು ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆನೋ ಅದನ್ನು ಆ ಮನುಷ್ಯ ಶಾಲಿನಂತೆ ಹೊದ್ದುಕೊಂಡು ನಿಂತಿದ್ದರು. ಸಭೆಯಲ್ಲಿ ಅನುಕಂಪದ ಪಿಸುಮಾತು ಹರಿದಾಡಿತು. ಮೇಡಂ ಮುಂದಕ್ಕೆ ಬಾಗಿದರು.

"ಈಗ ಹೇಗಿದ್ದೀರಿ ಪ್ರೊಫೆಸರ್?"

ಎರಡೂವರೆ ವರ್ಷ ನಾನು ಯಾರ ಬಾಯಿಂದಲಾದರೂ ಕೇಳಬೇಕೆಂದಿದ್ದ ಮಾತು ಅದು. ಅದೂ ಅವರಿಗೇ ಹೋಯಿತು.

"ನಡೀತಿದೆ ಮೇಡಂ. ದೇವರಿದ್ದಾನೆ."

"ಕಾಯಿಲೆಯ ಹೆಸರೇನು?"

ಪ್ರೊಫೆಸರು ಬಾಯಿ ತೆರೆದರು. "ಅದು... ಒಂದು ಥರದ... ಚರ್ಮಕ್ಕೆ ಸಂಬಂಧಪಟ್ಟಿದ್ದು" ಎಂದರು. "ಡಾಕ್ಟರು ಇನ್ನೂ ಹೆಸರು ಹೇಳಿಲ್ಲ."

ಎಲ್ಲವನ್ನೂ ಕದ್ದವರು ಹೆಸರೊಂದನ್ನು ಬಿಟ್ಟುಬಂದಿದ್ದರು. ನಾನು ಕೈಚಾಚಿ ಗೋಡೆಯ ಸ್ವಿಚ್ ಒತ್ತಿದೆ. ಸಭಾಂಗಣದ ಟ್ಯೂಬುಗಳು ಮಿಣುಕಿ ಮಿಣುಕಿ ಹತ್ತಿಕೊಂಡವು.

"ಲೂಪಸ್, ಮೇಡಂ" ಎಂದೆ. "ಕಾಯಿಲೆ ನನ್ನದು. ಟ್ಯೂಬ್ ಆರಿಸಿದವಳೂ ನಾನೇ. ಮೊದಲ ಎರಡು ವರ್ಷ ರಿಜಿಸ್ಟರಿನಲ್ಲಿ ಸುಳ್ಳು ಬರೆದವಳೂ ನಾನೇ. ಕಡೆಯ ಹತ್ತು ವಾರದ್ದು ಮಾತ್ರ ನಿಜ." ಚೀಲದಿಂದ ಆಸ್ಪತ್ರೆಯ ಕಾರ್ಡ್ ತೆಗೆದೆ. ನಲವತ್ತು ಜನರ ನಡುವೆ ನಡೆದು ಹೋಗಿ ಅದನ್ನು ಮೇಡಂ ಮುಂದೆ ಇಟ್ಟೆ. ಅವರು ಕಾರ್ಡನ್ನು ಓದಿದರು, ಆಮೇಲೆ ಕೆನ್ನೆಯ ಕೆಂಪು ಕಾಣಲೆಂದು ಕರವಸ್ತ್ರದಿಂದ ಪೌಡರ್ ಒರೆಸಿಕೊಳ್ಳುತ್ತಿದ್ದ ನನ್ನ ಮುಖವನ್ನು ನೋಡಿದರು.

ಮುಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಸುಳ್ಳು ರಿಜಿಸ್ಟರಿಗಾಗಿ ನನ್ನ ಫೆಲೋಶಿಪ್ ಆರು ತಿಂಗಳು ನಿಂತಿತು, ನಿಲ್ಲಬೇಕಾದದ್ದೇ. ಬೇರೆ ಗೈಡ್ ಸಿಕ್ಕರು. ಅಧ್ಯಾಯ ನನ್ನ ಹೆಸರಿನಲ್ಲೇ ಉಳಿಯಿತು, ಥೀಸಿಸ್ ಆಯಿತು. ಸುದ್ದಿ ಮಠದ ಮೂಲಕ ವಾರದೊಳಗೆ ಧಾರವಾಡ ಮುಟ್ಟಿತು. ಹುಬ್ಬಳ್ಳಿಯವರು ಹಿಂದೆ ಸರಿದರು. ಅವ್ವ ರೈಲು ಹತ್ತಿ ಬಂದು ಒಂದು ತಿಂಗಳು ಹಾಸ್ಟೆಲಿನ ಹೊರಗೆ ಕೋಣೆ ಹಿಡಿದು ನನ್ನ ಜೊತೆ ಇದ್ದಳು. ಪ್ರೊಫೆಸರಿಗೆ ಏನೂ ಆಗಲಿಲ್ಲ. ಅಂಥವರಿಗೆ ಏನಾಗುತ್ತದೆ? ನಿವೃತ್ತಿಯಾಗುವವರೆಗೆ ಅದೇ ಕುರ್ಚಿಯಲ್ಲಿ ಕೂತು ಅದೇ ಸಪ್ಪೆ ಚಹಾ ಕುಡಿದರು.

ಆದರೆ ಅವರು ಎಂಥವರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಆ ದಿನ ಸಭೆ ಮುರಿದ ಮೇಲಿನ ಒಂದು ನಿಮಿಷವನ್ನು. ಎಲ್ಲರೂ ಚಹಾಕ್ಕೆ ಎದ್ದಿದ್ದರು. ನಾನು ಪ್ರೊಜೆಕ್ಟರ್ ವೈರು ಸುತ್ತುತ್ತಿದ್ದೆ. ಅವರು ಹತ್ತಿರ ಬಂದರು. ನಾಚಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮುಖದಲ್ಲಿ ಇದ್ದದ್ದು ನಿಜವಾದ ನೋವು, ತಮಗೆ ಅನ್ಯಾಯವಾಯಿತು ಎಂಬ ನೋವು. ಸುತ್ತ ಇದ್ದವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ, ಮೆಲ್ಲಗೆ ಕೇಳಿದರು:

"ಇಷ್ಟು ದೊಡ್ಡ ಕಾಯಿಲೆ ಅಂತ ನನಗೆ ಮೊದಲೇ ಹೇಳ್ಬಾರ್ದಿತ್ತೇನಮ್ಮಾ?"

"ಹೇಳಿದ್ದೆರಿ ಸರ" ಎಂದೆ. "ನೀವು ಟ್ಯೂಬ್ ಎಣಸಾಕತ್ತಿದ್ರಿ."